ಪೂಜೆಯ ನಡುವೆ ನಿಂತುಬಿಡುತ್ತಿದ್ದ ಫಾದರ್

ಅವರ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಒಂದು ಗೀರಿತ್ತು. ಗಾಯದ ಗುರುತಲ್ಲ, ಚರ್ಮವೇ ಸವೆದು ಒಳಗೆ ಇಳಿದಿದ್ದ ಗೀರು. ಪೆನ್ನು ಹಿಡಿದರೆ ಅದು ಆ ಗೀರಿನಲ್ಲಿ ಸರಿಯಾಗಿ ಹೋಗಿ ಕೂರುತ್ತಿತ್ತು. ಅವರು ನಮ್ಮೂರಿಗೆ ಬಂದ ಮೊದಲ ವಾರ, ಶಾಲೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಅದು ನನ್ನ ಕಣ್ಣಿಗೆ ಬಿತ್ತು. ನನ್ನದು ಸುಮ್ಮನಿರುವ ಬಾಯಿಯಲ್ಲ. ಕೇಳಿಯೇಬಿಟ್ಟೆ.

“ಅದು ನನ್ನ ಹಳೇ ನೌಕರಿಯ ಗುರುತು ಟೀಚರ್. ಗಾಳದ ದಾರ ಎಳೆದೂ ಎಳೆದೂ ಆದದ್ದು. ಪಿಂಚಣಿ ಇಲ್ಲದ ನೌಕರಿ,” ಎಂದು ನಕ್ಕರು.

ಹೊನ್ನಾವರದ ಕಡೆಯ ಮೀನುಗಾರರ ಮನೆಯವರು ಅವರು. ಹದಿನಾರು ವರ್ಷದವರೆಗೆ ತಂದೆಯ ದೋಣಿಯಲ್ಲಿ ದುಡಿದು, ಆಮೇಲೆ ಓದಿ, ಗುರುದೀಕ್ಷೆ ಪಡೆದು, ಆ ಊರು ಈ ಊರು ತಿರುಗಿ, ಕೊನೆಗೆ ಕಣ್ಣು ಹಾಯಿಸಿದಷ್ಟೂ ಕೆಂಪು ನೆಲ, ಕಲ್ಲುಗುಡ್ಡ, ಗುಡ್ಡದ ನೆತ್ತಿಯಲ್ಲಿ ಸಾಲಾಗಿ ನಿಂತು ನಿಧಾನ ತಿರುಗುವ ಗಾಳಿ ಫ್ಯಾನುಗಳು ಇರುವ ನಮ್ಮ ಕಡೆಗೆ ಬಂದು ಬಿದ್ದಿದ್ದರು. ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅರವತ್ತು ಕ್ರೈಸ್ತ ಮನೆಗಳು, ಒಂದು ಚಿಕ್ಕ ಚರ್ಚು, ಅದರ ಪಕ್ಕದಲ್ಲಿ ಫಾದರ್ ಇರುವ ಗುರುಮನೆ, ಅದಕ್ಕೆ ಅಂಟಿಕೊಂಡು ಒಂದು ಶಾಲೆ. ನಾನು ಆ ಶಾಲೆಯ ಕನ್ನಡ ಟೀಚರು. ಅವರ ಧರ್ಮದವಳಲ್ಲ ನಾನು. ತುರುವನೂರು ಕಡೆಯ ಕುರಿ ಕಾಯುವ ಮನೆತನ ನಮ್ಮದು. ಆದರೂ ಹದಿಮೂರು ವರ್ಷ ದಿನಾ ಮುಖ ನೋಡಿದ ಮೇಲೆ ಯಾರು ಯಾವ ಧರ್ಮ ಎಂಬುದು ಹಬ್ಬದ ರಜೆಯಲ್ಲಿ ಮಾತ್ರ ನೆನಪಾಗುತ್ತಿತ್ತು.

ಅವರ ಕಣ್ಣುಗಳು ಸದಾ ಅರ್ಧ ಮುಚ್ಚಿರುತ್ತಿದ್ದವು. ಬಿಸಿಲಿನಲ್ಲಿ ದೂರದ ನೀರು ನೋಡಿ ಬೆಳೆದವರ ಕಣ್ಣು. ನೆರಳಿನಲ್ಲಿ ಕೂತರೂ ಅದೇ ಅಭ್ಯಾಸ. ಮಧ್ಯಾಹ್ನ ಊಟವಾದ ಮೇಲೆ ಗುರುಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಗುಡ್ಡದ ಕಡೆ ಮುಖ ಮಾಡಿ ಕೂರುತ್ತಿದ್ದರು. ನಿದ್ದೆಯೋ ಎಚ್ಚರವೋ ಹೇಳಲು ಬರುತ್ತಿರಲಿಲ್ಲ. ಬಿಸಿಲ ಝಳದಲ್ಲಿ ಗುಡ್ಡ ಅಲುಗಿದಂತೆ ಕಾಣುವ ಹೊತ್ತು ಅದು. ಫ್ಯಾನಿನ ರೆಕ್ಕೆಗಳ ನೆರಳು ಇಳಿಜಾರಿನ ಮೇಲೆ ಹಾದು ಹಾದು ಹೋಗುತ್ತಿತ್ತು. ಮುಂದಿನ ಪಿರಿಯಡ್ಡಿಗೆ ಮುಂಚೆ ನಾನು ಸಹಿಗೆಂದು ಹೋದರೆ, ಕಣ್ಣು ತೆರೆಯದೆಯೇ, “ಈಗ ಅಲ್ಲಿಯವರೆಗೂ ನೀರು ಬಂದಿತ್ತು ಟೀಚರ್,” ಎಂದು ಗುಡ್ಡದ ಬುಡ ತೋರಿಸುತ್ತಿದ್ದರು.

“ಬರ್ಲಿ ಬಿಡ್ರಿ ಫಾದರ್, ನಮ್ಮೂರಿಗೆ ನೀರಿನ ಟ್ಯಾಂಕರ್ ಖರ್ಚಾದ್ರೂ ಉಳೀತೈತೆ,” ಎಂದರೆ ಹೊಟ್ಟೆ ಕುಣಿಸಿ ನಗುತ್ತಿದ್ದರು.

ಕನಸುಗಳನ್ನು ಅವರು ಊರಿನ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಅಮ್ಮ ಅಂಗಳದಲ್ಲಿ ಮೀನು ಒಣಗಲು ಹರವುತ್ತಿದ್ದಳು, ಕಾಗೆ ಓಡಿಸಲು ನನ್ನನ್ನು ಕೂರಿಸಿದ್ದಳು, ಅಪ್ಪ ದೋಣಿಗೆ ಎಣ್ಣೆ ಬಳಿಯುತ್ತಿದ್ದ. ಕೇಳುತ್ತ ಕೇಳುತ್ತ ನನಗೂ ತೂಕಡಿಕೆ ಬರುತ್ತಿತ್ತು. ಎಷ್ಟೋ ಸಲ ಆ ಸಮುದ್ರ, ನೋಡದಿದ್ದ ಆ ಅಂಗಳ ನನಗೇ ಕನಸಿನಲ್ಲಿ ಬಂದದ್ದುಂಟು. ಈಗ ಯಾವುದು ಅವರು ಹೇಳಿದ್ದು, ಯಾವುದು ನಾನೇ ಕಂಡದ್ದು ಎಂದು ಬೇರೆ ಮಾಡಲು ಹೋದರೆ ತಲೆ ಕೆಡುತ್ತದೆ.

ಯಾರು ಏನು ಕೇಳಿದರೂ ಅವರ ಬಾಯಲ್ಲಿ ಬರುವುದು ಒಂದೇ ಮಾತು: “ಅಡ್ಡಿಲ್ಲ.” ಶಾಲೆಯ ಹೆಂಚು ಹಾರಿಹೋಯಿತು ಎಂದರೆ ಅಡ್ಡಿಲ್ಲ. ಸಾರಿಗೆ ಉಪ್ಪಿಲ್ಲ ಎಂದರೆ ಅಡ್ಡಿಲ್ಲ. ಯಾರ ಮನೆಗೆ ಹೋದರೂ ಮೊದಲು ಆ ಮನೆಯ ನಾಯಿಯ ಹೆಸರು ಕೇಳುತ್ತಿದ್ದರು. ನಾಯಿ ಒಪ್ಪಿಕೊಂಡರೆ ಮನೆಯವರು ಕಷ್ಟ ಹೇಳಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಮಣ್ಣು ಮಾಡುವಾಗ ಮಾತ್ರ ಅವರ ನಗು ತಮಾಷೆ ಎಲ್ಲ ನಿಂತುಹೋಗುತ್ತಿತ್ತು. ಪ್ರಾರ್ಥನೆ ಮುಗಿದು ಸತ್ತವರ ಮನೆಯವರೇ ಹೊರಟುಹೋದರೂ ಇವರು ಹೋಗುತ್ತಿರಲಿಲ್ಲ. ಕೊನೆಯ ಗುದ್ದಲಿ ಮಣ್ಣು ಬಿದ್ದು ಸಮ ಆಗುವವರೆಗೆ ಬಿಸಿಲಲ್ಲೇ ನಿಲ್ಲುತ್ತಿದ್ದರು. ಬೇಸಿಗೆಯ ಒಂದು ದಿನ ನಾನು ಗದರಿಸಿದೆ: ತಲೆ ಸುತ್ತಿ ಬಿದ್ದರೆ ಯಾರು ಎತ್ತಬೇಕು?

“ಮಣ್ಣು ಮುಚ್ಚಿದ್ದನ್ನು ಕಣ್ಣಾರೆ ನೋಡಬೇಕು ಟೀಚರ್. ಅದು ಎಲ್ಲರಿಗೂ ಸಿಗುವ ಭಾಗ್ಯ ಅಲ್ಲ,” ಎಂದರು. ಮುದುಕರ ವೇದಾಂತ ಅಂದುಕೊಂಡು ನಾನು ಛತ್ರಿ ಹಿಡಿದೆ.

ನನ್ನ ಸೋದರಮಾವ ಒಮ್ಮೆ ನನ್ನನ್ನು ನೋಡಲು ಶಾಲೆಗೆ ಬಂದಿದ್ದ. ಹುಟ್ಟಿದಾಗಿನಿಂದ ಕುರಿ ಹಿಂದೆ ತಿರುಗಿದವನು. ಫಾದರ್ ಮರದ ಕೆಳಗೆ ಮಕ್ಕಳಿಗೆ ಕಥೆ ಹೇಳುತ್ತಿದ್ದರು. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು. ಒಳ್ಳೆಯ ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ. ನಮ್ಮ ಮಾವನಿಗೆ ತಡೆಯಲಾಗಲಿಲ್ಲ.

“ಅಲ್ರೀ ಸ್ವಾಮೇರೆ, ತೊಂಬತ್ತೊಂಬತ್ತು ಕುರೀನ ಅಡವೀಲಿ ಬಿಟ್ಟು ಒಂದರ ಹಿಂದೆ ಹೋದ್ರೆ, ತೋಳ ಏನು ಉಪಾಸ ಇರ್ತೈತಾ?”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಫಾದರ್ ಮಾತ್ರ ಮಕ್ಕಳನ್ನು ಆಟಕ್ಕೆ ಬಿಟ್ಟು ಬಂದು ಮಾವನ ಪಕ್ಕ ನೆಲದ ಮೇಲೇ ಕೂತರು. “ಹಾಗಾದರೆ ನೀವು ಎಂತ ಮಾಡ್ತೀರಿ?”

“ಇಬ್ರಿದ್ರೆ ಒಬ್ಬ ಕಾಯ್ತಾನೆ, ಒಬ್ಬ ಹುಡುಕ್ತಾನೆ. ಒಬ್ನೇ ಇದ್ರೆ ಕಾಯ್ಬೇಕಷ್ಟೆ. ಹೊಟ್ಟೇಲಿ ಉರೀತಿರ್ತೈತೆ ಸ್ವಾಮಿ, ಆದ್ರೂ ಕಾಯ್ಬೇಕು.”

ಫಾದರ್ ಗುಡ್ಡದ ಕಡೆ ತಿರುಗಿದರು. ಆಮೇಲೆ ಮಾವನ ಮಂಡಿಯ ಮೇಲೆ ಕೈಯಿಟ್ಟು, “ಪುಸ್ತಕ ಬರೆದವರು ನಿಮ್ಮನ್ನು ಕೇಳಬೇಕಿತ್ತು,” ಎಂದರು. ಆ ಕಥೆಯನ್ನು ಅವರು ಮತ್ತೆ ಹೇಳಿದ್ದನ್ನು ನಾನು ಕೇಳಲಿಲ್ಲ.

ಸೋಮವಾರ ಅವರಿಗೆ ಬಿಡುವು. ಅಂಗಿ ಪ್ಯಾಂಟು ಹಾಕಿಕೊಂಡು ಬಸ್ಸು ಹತ್ತಿ ಎಲ್ಲಿಗೋ ಹೋಗಿಬರುತ್ತಿದ್ದರು. ಒಂದು ಸೋಮವಾರ ನಾವು ಮನೆಮಂದಿ ಹಾಲುರಾಮೇಶ್ವರಕ್ಕೆ ಹೋದಾಗ ಗುಟ್ಟು ರಟ್ಟಾಯಿತು. ಅಲ್ಲಿನ ಕೊಳದ ಮುಂದೆ ಕೂತು ಬೇಡಿಕೊಂಡರೆ ಗಂಗಮ್ಮ ನೀರೊಳಗಿಂದ ಏನಾದರೊಂದು ತೇಲಿಸಿ ಕೊಡುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಜನರ ಹಿಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ಆ ಅರೆಮುಚ್ಚಿದ ಕಣ್ಣಲ್ಲಿ ನೀರನ್ನೇ ನೋಡುತ್ತ ನಮ್ಮ ಫಾದರ್ ನಿಂತಿದ್ದಾರೆ!

“ಏನ್ ಫಾದರ್, ನಮ್ಮ ದೇವ್ರ ಮೇಲೂ ಕಣ್ಣು ಹಾಕಿದ್ರಾ?” ಎಂದೆ.

ಬೆಚ್ಚಿದರು. ಆಮೇಲೆ ಮೆಲ್ಲಗೆ, “ನೀರು ಕೊಡುವುದನ್ನು ನೋಡಲಿಕ್ಕೆ ಬಂದೆ ಟೀಚರ್. ನಾನು ಕಂಡ ನೀರು ತಗೊಂಡದ್ದೇ ಹೆಚ್ಚು,” ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕು, ಅವರ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಬಂದೆ.

ಮೂರು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡರು. ತೊಂಬತ್ತು ದಾಟಿದ ಮುದುಕಿ. ಫಾದರ್ ಊರಿಗೆ ಹೋಗಿ ಮಣ್ಣು ಮಾಡಿ ನಾಲ್ಕನೇ ದಿನಕ್ಕೆ ವಾಪಸಾದರು. ಅಳು ಇರಲಿಲ್ಲ, ಏನಿರಲಿಲ್ಲ. ಆದರೆ ಅಲ್ಲಿಂದ ಈಚೆಗೆ ಪೂಜೆಯ ನಡುವೆ ನಿಂತುಬಿಡತೊಡಗಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಪೂಜೆಯಲ್ಲಿ ಒಂದು ಕಡೆ ಬದುಕಿರುವವರನ್ನು ನೆನೆಯುವ ಮಾತು ಬರುತ್ತದೆ. ಅದರ ಬೆನ್ನಿಗೇ ತೀರಿಕೊಂಡವರನ್ನು ನೆನೆಯುವ ಮಾತು. ಎರಡೂ ಕಡೆ ಗುರುಗಳು ತಮಗೆ ಬೇಕಾದವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರಂತೆ. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಜಾಗದಲ್ಲಿ ಫಾದರ್ ಬಾಯಿ ಕಟ್ಟಿದಂತೆ ನಿಂತುಬಿಡುತ್ತಿದ್ದರು. ತಿಂಗಳ ಮೊದಲ ಶುಕ್ರವಾರ ಶಾಲಾ ಮಕ್ಕಳನ್ನು ಪೂಜೆಗೆ ಕರೆದೊಯ್ಯುವ ಕೆಲಸ ನನ್ನದು. ಕೊನೆಯ ಬೆಂಚಿನ ಹಿಂದೆ ನಿಂತು ನಾನೇ ನೋಡಿದ್ದೇನೆ. ಕೈ ಚಾಚಿದ್ದು ಚಾಚಿದಂತೆಯೇ, ಪುಸ್ತಕದ ಮೇಲೆ ಕಣ್ಣು. ಮಕ್ಕಳು ಕಿಸಕ್ ಎನ್ನುತ್ತಿದ್ದವು. ಹೊರಗೆ ಪಾರಿವಾಳದ ಸದ್ದು ಕೇಳುವಷ್ಟು ಮೌನ. ಆಮೇಲೆ ಎಲ್ಲಿಂದಲೋ ಎದ್ದು ಬಂದವರಂತೆ ಮುಂದಿನ ಸಾಲು ಓದುತ್ತಿದ್ದರು.

ಒಂದು ದಿನ ಉಪದೇಶಿಗಳು ನಮ್ಮ ಮನೆಗೆ ಬಂದರು. ಪೂಜೆಗೆ ಎಲ್ಲ ಅಣಿಮಾಡಿ, ಗಂಟೆ ಹೊಡೆದು, ಫಾದರ್ ಇಲ್ಲದ ದಿನ ಪ್ರಾರ್ಥನೆ ನಡೆಸುವ ಹಿರಿಯರು ಅವರು.

“ಬರ್ರಿ, ಕುಂತ್ಕಳ್ರಿ,” ಎಂದೆ.

ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು: “ಟೀಚರಮ್ಮ, ತಾಯಿ ಹೋದ ಮ್ಯಾಲೆ ಫಾದರಿಗೆ ಮರೆವು ಹತ್ತೈತೆ. ಮಂತ್ರ ಮಧ್ಯಕ್ಕೆ ಕೈ ಕೊಡ್ತೈತೆ. ಜನ ಆಡ್ಕಳ್ಳಾಕೆ ಹತ್ಯಾರೆ. ಬಿಷಪ್ ಸ್ವಾಮಿಗಳಿಗೆ ಒಂದು ಕಾಗದ ಬರೀಬೇಕು, ಪಾಪ ಅವರಿಗೆ ರೆಸ್ಟ್ ಕೊಡ್ಲಿ ಅಂತ. ನಿಮ್ಮಷ್ಟು ಚೆಂದಾಗಿ ಯಾರು ಬರೀತಾರೆ?”

ಹೊಗಳಿಕೆ ಎಂದರೆ ಹೊನ್ನಶೂಲ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು. ನನಗೇ ಗೊತ್ತಾಗಲಿಲ್ಲ. ಫಾದರ್ ಮೇಲಿನ ಪ್ರೀತಿಯಿಂದಲೇ ಬರೆದೆ, ಸುಳ್ಳಲ್ಲ. ಆದರೆ ಬರೆಯುತ್ತ ಬರೆಯುತ್ತ ಬರವಣಿಗೆಯದೇ ರುಚಿ ಹತ್ತಿತು. ‘ಇಳಿವಯಸ್ಸಿನ ಮರೆವು ಅವರನ್ನು ಪೀಠದ ಮೇಲೆಯೇ ಆವರಿಸುತ್ತಿರುವುದನ್ನು ಕಂಡು ನಮ್ಮ ಕರುಳು ಚುರುಕ್ಕೆನ್ನುತ್ತಿದೆ’ ಎಂದು ಬರೆದು, ಅದನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಒಂದೇ ಒಂದು ಸಲ ಜಗಲಿಗೆ ಹೋಗಿ, “ಯಾಕ್ ಫಾದರ್ ನಿಂತುಬಿಡ್ತೀರಿ?” ಎಂದು ಕೇಳಬೇಕು ಅನ್ನಿಸಲಿಲ್ಲ ನನಗೆ. ಬೆರಳಿನ ಗೀರಿನ ಬಗ್ಗೆ ಕೇಳಲು ಬಂದ ಬಾಯಿ, ಇದಕ್ಕೆ ಬರಲಿಲ್ಲ.

ಎರಡು ತಿಂಗಳಿಗೆ ಉತ್ತರ ಬಂತು. ಜೂನ್‌ನಿಂದ ಬೇರೆ ಗುರುಗಳು ಬರುತ್ತಾರೆ. ಇವರು ಶಿವಮೊಗ್ಗದ ಕಡೆ ವಯಸ್ಸಾದ ಗುರುಗಳಿರುವ ಮನೆಗೆ ಹೋಗತಕ್ಕದ್ದು. ಆ ಮಧ್ಯಾಹ್ನ ಫಾದರ್ ನನಗೆ ಹೇಳಿಕಳಿಸಿದರು. ಜಗಲಿಯಲ್ಲಿ ಅದೇ ಕುರ್ಚಿ, ಅದೇ ಬಿಸಿಲು. ಮಂಡಿಯ ಮೇಲೆ ಒಂದು ಕಾಗದ. ಅವರಿಗೆ ತಿಳಿದಿರಲಿ ಎಂದು ಬಿಷಪ್ ಸ್ವಾಮಿಗಳು ನಮ್ಮ ಮನವಿಯ ನಕಲನ್ನೂ ಜೊತೆಗೆ ಕಳಿಸಿದ್ದರು.

“ಅಕ್ಷರ ಎಷ್ಟು ಚಂದ ಉಂಟು ಟೀಚರ್,” ಎಂದರು.

ಏನೇನೋ ತೊದಲಿದೆ. ಬೇರೆ ಕಾಗದ ಬರೆಯುತ್ತೇನೆ, ಈಗಲೇ ಬರೆಯುತ್ತೇನೆ, ತಪ್ಪಾಯಿತು ಎಂದೆ.

“ಅಡ್ಡಿಲ್ಲ. ಮರೆವು ಅಂತ ಬರೆದಿದ್ದೀರಿ. ಮರೆವು ಬಂದಿದ್ದರೆ ಎಷ್ಟು ಸುಖ ಇತ್ತು!” ಅವರ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಗುಡ್ಡದ ಕಡೆ ನೋಡುತ್ತ ಹೇಳಿದರು. ಅವರಿಗೊಬ್ಬ ತಮ್ಮನಿದ್ದ. ಇವರು ಗುರುಗಳಾದ ಮೇಲೆ ಅಪ್ಪನ ದೋಣಿ ಅವನಿಗೆ ಬಂತು. ಒಂದು ಬೆಳಿಗ್ಗೆ ಹೋದವನು ಬರಲಿಲ್ಲ. ಮೂರನೇ ದಿನಕ್ಕೆ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

“ಎಂಟು ದಿನ ಹುಡುಕಿದೆ ಟೀಚರ್. ಮಾರನೇ ದಿನ ಭಾನುವಾರ. ನನ್ನ ಚರ್ಚಿನಲ್ಲಿ ಪೂಜೆಗೆ ಬೇರೆ ಗುರುಗಳಿರಲಿಲ್ಲ. ವಾಪಸ್ ಬಂದೆ. ನಿಮ್ಮ ಮಾವ ಅವತ್ತು ಕಾಯ್ಬೇಕಷ್ಟೆ ಅಂದರಲ್ಲ, ಆಗ ಎದೆಗೆ ಯಾರೋ ಗುದ್ದಿದ ಹಾಗಾಯ್ತು.”

ವರ್ಷ ತುಂಬಿದಾಗ ಅವನ ಆತ್ಮಕ್ಕೆ ಶಾಂತಿ ಕೋರಿ ಪೂಜೆ ಮಾಡಲು ಹೊರಟರೆ ತಾಯಿ ಬಾಗಿಲಿಗೆ ಅಡ್ಡ ನಿಂತಳಂತೆ. ‘ನನಗೆ ಹೆಣ ತೋರಿಸು, ಆಮೇಲೆ ಪೂಜೆ ಮಾಡು. ಅಲ್ಲಿಯವರೆಗೆ ನನ್ನ ಮಗನ ಹೆಸರನ್ನು ಸತ್ತವರ ಜೊತೆ ಹೇಳಿದರೆ ನೀನು ನನ್ನ ಮಗ ಅಲ್ಲ.’ ಅಂದಿನಿಂದ ಇಪ್ಪತ್ತೇಳು ವರ್ಷ, ಪ್ರತಿ ದಿನದ ಪೂಜೆಯಲ್ಲಿ, ಫಾದರ್ ತಮ್ಮನ ಹೆಸರನ್ನು ಬದುಕಿರುವವರ ಜೊತೆಗೇ ಹೇಳಿಕೊಂಡು ಬಂದಿದ್ದರು.

“ಈಗ ಅಮ್ಮ ಹೋದಳು. ಅವಳ ಹೆಸರು ಎರಡನೇ ಕಡೆಗೆ ಹೋಯಿತು. ಅವನು ಅಲ್ಲಿದ್ದರೆ ಅವಳಿಗೆ ಸಿಕ್ಕಿರುತ್ತಾನೆ. ಹಾಗಾದರೆ ನಾನು ಇನ್ನೂ ಇತ್ತ ಇಟ್ಟುಕೊಂಡರೆ ಅವನಿಗೆ ಪ್ರಾರ್ಥನೆ ತಲುಪುವುದಿಲ್ಲ. ಅಲ್ಲಿಲ್ಲ ಅಂತಾದರೆ, ಅತ್ತ ಹಾಕಿ ನಾನೇ ಅವನನ್ನು ಕೊಂದ ಹಾಗೆ. ದಿನಾ ಪೂಜೆಯಲ್ಲಿ ಆ ಜಾಗಕ್ಕೆ ಬಂದಾಗ ಅವನನ್ನು ಯಾವ ಕಡೆ ಹೇಳಬೇಕು ಅಂತ ಗೊತ್ತಾಗುವುದಿಲ್ಲ ಟೀಚರ್. ಕನಸಿನಲ್ಲೂ ಬರುತ್ತಾನೆ. ಮೈಯೆಲ್ಲ ಒದ್ದೆ. ‘ಅಣ್ಣ, ನನ್ನನ್ನು ಎಲ್ಲಿ ಇಟ್ಟಿದ್ದೀ?’ ಅಂತ ಕೇಳುತ್ತಾನೆ.”

ನಾನು ಅತ್ತೆ. ಅವರ ಮುಂದೆ ಕೂತು ಸೆರಗು ಒದ್ದೆಯಾಗುವಷ್ಟು ಅತ್ತೆ. ಕೊನೆಗೆ ಅವರೇ ನೀರು ತಂದುಕೊಟ್ಟರು. ಸಮಾಧಾನ ಹೇಳಲು ನನ್ನ ಬಳಿ ಶಾಸ್ತ್ರವಿರಲಿಲ್ಲ. ನಮ್ಮ ಅಜ್ಜಿಯ ಕಥೆಯೊಂದಿತ್ತು. ಅದನ್ನೇ ಹೇಳಿದೆ.

ನಮ್ಮ ತಾತ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದವನು ತಿರುಗಿ ಬರಲಿಲ್ಲ. ಜೊತೆಗಾರರೊಂದಿಗೆ ಕುರಿಗಳು ಬಂದವು, ಅವನು ಬರಲಿಲ್ಲ. ಹೋದನೋ ಇದ್ದಾನೋ ಹೇಳುವವರಿಲ್ಲ. ಅಜ್ಜಿ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ, ತೀರಿಕೊಂಡವರಿಗೆಲ್ಲ ಒಳಮನೆಯಲ್ಲಿ ಎಲೆ ಹಾಕಿ ಎಡೆ ಬಡಿಸಿದ ಮೇಲೆ, ತಾತನಿಗೊಂದು ಎಲೆಯನ್ನು ತಂದು ಹೊಸ್ತಿಲ ಮೇಲೆ ಇಡುತ್ತಿದ್ದಳು. ಊರಿನವರು ಆಡಿಕೊಂಡರೆ ಅಜ್ಜಿ ಹೇಳುತ್ತಿದ್ದದ್ದು ಇಷ್ಟು: “ಒಳಗೆ ಇಟ್ರೆ ಸತ್ತ ಅಂದಂಗಾಗ್ತೈತೆ. ಇಡ್ದಿದ್ರೆ ಹಸ್ಕಂಡಿರ್ತಾನೆ. ಎಲ್ಲಿದ್ದಾನೋ ಅವನೇ ಬಂದು ಉಂಡು ಹೋಗ್ಲಿ.” ಅಜ್ಜಿ ಹೋದ ಮೇಲೆ ಆ ಎಲೆ ಇಡುವ ಕೆಲಸ ನನ್ನದಾಗಿತ್ತು.

ಫಾದರ್ ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರ ಕಣ್ಣಿನ ಬಣ್ಣ ನಾನು ನೋಡಿದ್ದು ಅದೇ ಮೊದಲು. ತಿಳಿ ಕಂದು. “ಹೊಸ್ತಿಲ ಮೇಲೆ,” ಎಂದರು. ಮತ್ತೊಮ್ಮೆ, “ಹೊಸ್ತಿಲ ಮೇಲೆ.” ಮುಂದಿನ ಪಿರಿಯಡ್ಡಿನ ಗಂಟೆ ಹೊಡೆಯಿತು. ನಾನು ಎದ್ದು ಬಂದೆ.

ಮೇ ತಿಂಗಳ ಕೊನೆಯ ಭಾನುವಾರ ಅವರ ಕಡೆಯ ಪೂಜೆ. ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಆ ಜಾಗ ಬಂತು. ಫಾದರ್ ನಿಂತರು. ಉಪದೇಶಿಗಳು ನನ್ನ ಕಡೆ ತಿರುಗಿ, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದರು. ಅಷ್ಟರಲ್ಲಿ ಫಾದರ್ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ, “ಎಲ್ಲಿದ್ದಾರೆಂದು ನಮಗೆ ಗೊತ್ತಿಲ್ಲದವರನ್ನೂ ನೆನಪಿಸಿಕೊಳ್ಳಿರಿ, ಪ್ರಭುವೇ,” ಎಂದರು. ಆಮೇಲೆ ಸರಾಗವಾಗಿ ಮುಂದಕ್ಕೆ ಹೋದರು.

ಹೊರಗೆ ಬಂದ ಮೇಲೆ ಉಪದೇಶಿಗಳು ಕಂಗಾಲಾಗಿದ್ದರು. “ಟೀಚರಮ್ಮ, ಆ ಮಾತು ಪುಸ್ತಕದಾಗೇ ಇಲ್ಲ ಕಣಮ್ಮ! ನಾನು ನಲವತ್ತು ವರ್ಷದಿಂದ ಕೇಳ್ತಿದೀನಿ.”

“ಪುಸ್ತಕ ಬರೆದವರು ಮರೆತಿದ್ರು ಕಣ್ರಿ, ಸುಮ್ನಿರ್ರಿ,” ಎಂದೆ. ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, ಲಾರಿ ಕ್ಲೀನರ್ ಆಗಿ ಹೋಗಿ ಹನ್ನೊಂದು ವರ್ಷದಿಂದ ಪತ್ತೆಯಿಲ್ಲದ ತಮ್ಮ ತಂಗಿಯ ಮಗನ ಹೆಸರು ಹೇಳಿ, “ಅವನೂ ಅದರಾಗೆ ಬಂದನಾ?” ಎಂದು ಕೇಳಿದರು. ಬಂದ ಅಂದೆ.

ಶಿವಮೊಗ್ಗ ಕಡೆಯಿಂದ ಫಾದರ್ ಆಗಾಗ ಫೋನ್ ಮಾಡುತ್ತಿದ್ದರು. ಅಲ್ಲಿ ಕಿಟಕಿಯಿಂದ ಬರೀ ಗೋಡೆ ಕಾಣುತ್ತದಂತೆ, ಅಡ್ಡಿಲ್ಲವಂತೆ. ನಾನು ಪ್ರತಿ ಸಲವೂ ಆ ಕಾಗದದ ಮಾತು ಎತ್ತಿ ಕ್ಷಮೆ ಕೇಳಲು ಹೋದರೆ, “ಆ ಕಾಗದ ಇಲ್ಲದಿದ್ದರೆ ನಿಮ್ಮ ಅಜ್ಜಿ ನನಗೆ ಸಿಗುತ್ತಿದ್ದರಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ಹೋದ ವರ್ಷ ಮಳೆಗಾಲದಲ್ಲಿ ಮಾಡಿದ ಫೋನೇ ಕೊನೆಯದು. ದನಿ ಬಹಳ ಇಳಿದುಹೋಗಿತ್ತು.

“ಟೀಚರ್, ನನ್ನ ಮನಸ್ಸಿನಲ್ಲಿ ಇನ್ನು ಒಂದೇ ಉಳಿದಿದೆ. ನಾನು ಇರುವವರೆಗೆ ಅವನ ಹೆಸರು ಹೇಳಲಿಕ್ಕೆ ಒಂದು ಬಾಯಿ ಉಂಟು. ನಾನು ಹೋದ ಮೇಲೆ ಯಾರೂ ಇಲ್ಲ. ಮದುವೆ ಆಗಿರಲಿಲ್ಲ ಅವನಿಗೆ.” ನಿಂತು ಉಸಿರು ತೆಗೆದುಕೊಂಡರು. “ನಿಮ್ಮ ತಾತನ ಪಕ್ಕ ಜಾಗ ಇದೆಯಾ?”

ಇದೆ ಫಾದರ್ ಎಂದೆ. ಆಗ ಅವರು ತಮ್ಮನ ಹೆಸರು ಹೇಳಿದರು. ಅವರ ಬಾಯಿಂದ ನಾನು ಆ ಹೆಸರು ಕೇಳಿದ್ದು ಅದೊಂದೇ ಸಲ. ಇಲ್ಲಿ ಬರೆಯುವುದಿಲ್ಲ, ನನಗೆ ಕೊಟ್ಟದ್ದು ಅದು.

ಹದಿನೈದು ದಿನಕ್ಕೆ ಫಾದರ್ ತೀರಿಕೊಂಡ ಸುದ್ದಿ ಬಂತು. ಉಪದೇಶಿಗಳೂ ನಾನೂ ಬಸ್ಸಿನಲ್ಲಿ ಹೋದೆವು. ಪ್ರಾರ್ಥನೆ ಮುಗಿದು ಎಲ್ಲರೂ ಚದುರಿದ ಮೇಲೂ ನಾವಿಬ್ಬರು ಅಲ್ಲೇ ಇದ್ದೆವು, ಮಣ್ಣು ಸಮ ಆಗುವವರೆಗೆ.

ಆ ವರ್ಷದ ಅಮಾವಾಸ್ಯೆಗೆ ಒಳಮನೆಯಲ್ಲಿ ಹಿರಿಯರ ಸಾಲಿಗೆ ಫಾದರಿಗೂ ಒಂದು ಎಲೆ ಹಾಕಿದೆ. ನಮ್ಮ ಮನೆಯವರೇ ಎಲೆ ತೊಳೆದುಕೊಟ್ಟರು. ಆಮೇಲೆ ಹೊಸ್ತಿಲಿಗೆ ಬಂದು ತಾತನ ಎಲೆ ಇಟ್ಟೆ. ಅದರ ಪಕ್ಕ ಇನ್ನೊಂದು ಎಲೆ ಇಟ್ಟು, ಹೊಸದುರ್ಗದಲ್ಲಿ ಐಸಿನ ಪೆಟ್ಟಿಗೆಯಿಂದ ಆರಿಸಿ ತಂದಿದ್ದ ಬಂಗಡೆ ಮೀನು ಹುರಿದದ್ದನ್ನು ಬಡಿಸಿದೆ. ಹೊಸದಾಗಿ ಮನೆಗೆ ಬಂದಿದ್ದ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅತ್ತೆ, ಇದು ಯಾರಿಗೆ?”

“ನಮ್ಮ ಫಾದರ್ ತಮ್ಮನಿಗೆ ಕಣಮ್ಮ. ಮೀನು ಹಿಡಿಯಾಕೆ ಹೋಗ್ಯಾನೆ, ಇನ್ನೂ ಬಂದಿಲ್ಲ.”